ಮುಂದಿನ ಕಾರಿಗೆ ಗುದ್ದಿದ್ದು ನಾನೇ: ವಿಮೆ ಎಷ್ಟು ಕೊಡುತ್ತದೆ, ಎಲ್ಲಿ ಕೈಬಿಡುತ್ತದೆ?

ಹಿಂದಿನಿಂದ ಹೋಗಿ ಗುದ್ದಿದ ಅಪಘಾತಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಬಾರಿ ಒಟ್ಟಿಗೇ ಉತ್ತರಿಸಿದ್ದೇವೆ. ಕೇಳಿದವರಲ್ಲಿ ಹೆಚ್ಚಿನವರು ತಪ್ಪು ತಮ್ಮದೇ ಎಂದು ಒಪ್ಪಿಕೊಂಡವರು. ಅವರಿಗೆ ಬೇಕಿರುವುದು ಮುಂದೇನು ಮಾಡಬೇಕೆಂಬ ದಾರಿ.

ಪ್ರಶ್ನೆ: ಸಿಗ್ನಲ್‌ನಲ್ಲಿ ನಿಂತಿದ್ದ ಕಾರಿಗೆ ಹಿಂದಿನಿಂದ ಗುದ್ದಿದೆ. ಯಾರಿಗೂ ಏಟಾಗಿಲ್ಲ. ಆ ಕಾರಿನವರು ‘ದುಡ್ಡು ಕೊಟ್ಟು ಮುಗಿಸಿ’ ಎನ್ನುತ್ತಿದ್ದಾರೆ. ನನ್ನದು ಕಾಂಪ್ರಹೆನ್ಸಿವ್ ಪಾಲಿಸಿ. ಅವರ ಖರ್ಚನ್ನು ನನ್ನ ವಿಮಾ ಕಂಪನಿಯೇ ಕೊಡುವುದಿಲ್ಲವೇ?

ಉತ್ತರ: ಕೊಡಬೇಕು, ಆದರೆ ನೀವು ಅಂದುಕೊಂಡಷ್ಟು ಸಲೀಸಾಗಿ ಅಲ್ಲ. ನಿಮ್ಮ ಪಾಲಿಸಿಯಲ್ಲಿ ಎರಡು ಬೇರೆ ಬೇರೆ ಭಾಗಗಳಿವೆ. ‘ಓನ್ ಡ್ಯಾಮೇಜ್’ ಭಾಗ ನಿಮ್ಮ ಕಾರಿನ ರಿಪೇರಿಗೆ. ‘ಥರ್ಡ್ ಪಾರ್ಟಿ’ ಭಾಗ ನಿಮ್ಮಿಂದ ಬೇರೆಯವರಿಗಾದ ನಷ್ಟಕ್ಕೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬೇರೆಯವರ ಆಸ್ತಿ ನಷ್ಟಕ್ಕೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ರಕ್ಷಣೆ ಇರುತ್ತದೆ. ಪ್ರೀಮಿಯಂ ಸ್ವಲ್ಪ ಕಡಿಮೆಯಾಗಲಿ ಎಂದು ಇದನ್ನು 6,000 ರೂಪಾಯಿಗೆ ಇಳಿಸಿಕೊಂಡವರೂ ಇದ್ದಾರೆ. ಹಾಗಾಗಿ ಮೊದಲು ಪಾಲಿಸಿಯ ಶೆಡ್ಯೂಲ್ ಪುಟ ತೆಗೆದು ಆ ಸಾಲನ್ನು ಓದಿ.

ತೊಡಕು ಇರುವುದು ಹಣ ಪಡೆಯುವ ದಾರಿಯಲ್ಲಿ. ಮುಂದಿನ ಕಾರಿನವರು ನಿಮ್ಮ ಕಂಪನಿಗೆ ಫೋನ್ ಮಾಡಿದರೆ ಸಾಮಾನ್ಯವಾಗಿ ಚೆಕ್ ಬರುವುದಿಲ್ಲ. ಅವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ, ಅಂದರೆ ಎಂಎಸಿಟಿಗೆ, ಅರ್ಜಿ ಹಾಕಬೇಕು. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಅದಕ್ಕೆ ಅಪಘಾತದಿಂದ 6 ತಿಂಗಳ ಗಡುವು. ಪೊಲೀಸ್ ದಾಖಲೆಯೂ ಬೇಕಾಗುತ್ತದೆ. ನಜ್ಜುಗುಜ್ಜಾದ ಒಂದು ಬಂಪರ್‌ಗಾಗಿ ಇಷ್ಟು ಓಡಾಡುವವರು ವಿರಳ. ಹೆಚ್ಚಿನವರು ತಮ್ಮದೇ ಪಾಲಿಸಿಯಲ್ಲಿ ಕ್ಲೇಮ್ ಮಾಡಿ ರಿಪೇರಿ ಮಾಡಿಸಿಕೊಳ್ಳುತ್ತಾರೆ.

ಆಗ ಅವರಿಗೆ ನಿಜವಾಗಿ ಕೈಬಿಟ್ಟು ಹೋಗುವುದು ಮೂರು: ಕಡ್ಡಾಯ ಕಡಿತದ ಮೊತ್ತ (ಪ್ರತಿ ಕ್ಲೇಮ್‌ನಲ್ಲಿ ಗಾಡಿಯ ಮಾಲೀಕರೇ ಹೊರಬೇಕಾದ ಪಾಲು), ಬಿಡಿಭಾಗಗಳ ಸವಕಳಿ ಕಡಿತ (ಹಳೆಯದಾದ ಭಾಗಕ್ಕೆ ಕಂಪನಿ ಮುರಿದುಕೊಳ್ಳುವ ಹಣ), ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ). ತಮ್ಮದಲ್ಲದ ತಪ್ಪಿಗೆ ಅವರು ಈ ಮೂರನ್ನೂ ಹೊರುತ್ತಾರೆ. ಆದ್ದರಿಂದ ರಾಜಿಯಾಗುವುದಿದ್ದರೆ ಇವುಗಳ ಮೊತ್ತವನ್ನು ಲೆಕ್ಕ ಹಾಕಿ ಕೊಡುವುದು ನ್ಯಾಯ. ರಸ್ತೆಯಲ್ಲಿ ನಿಂತು ಬಾಯಿಗೆ ಬಂದ ಅಂಕಿ ಒಪ್ಪಿಕೊಳ್ಳಬೇಡಿ. ಗ್ಯಾರೇಜಿನ ಎಸ್ಟಿಮೇಟ್ ಬರಲಿ.

ಎರಡು ಎಚ್ಚರಿಕೆ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಗೆ, ಹಣದ ಭರವಸೆ, ಪಾವತಿ ಯಾವುದನ್ನೂ ಮಾಡಬಾರದೆಂಬ ಷರತ್ತು ಪ್ರತಿ ಪಾಲಿಸಿಯಲ್ಲೂ ಇದೆ. ಕ್ಷಮೆ ಕೇಳಿ, ಅದು ಮನುಷ್ಯತ್ವ. ‘ಪೂರ್ತಿ ಖರ್ಚು ನಾನೇ ಕೊಡುತ್ತೇನೆ’ ಎಂದು ಬರೆದು ಸಹಿ ಹಾಕಬೇಡಿ. ನೀವಾಗಿಯೇ ಕೊಟ್ಟ ಹಣ ಕಂಪನಿಯಿಂದ ವಾಪಸು ಬರುವುದಿಲ್ಲ. ಎರಡನೆಯದು, ಸ್ವಂತ ಹಣದಿಂದ ಮುಗಿಸುವುದೇ ಆದರೆ ರಾಜಿ ಪತ್ರ ಮಾಡಿಸಿ: ದಿನಾಂಕ, ಸಮಯ, ಸ್ಥಳ, ಎರಡೂ ಗಾಡಿಗಳ ನಂಬರ್, ಮೊತ್ತ, ‘ವಾಹನದ ನಷ್ಟಕ್ಕೆ ಸಂಬಂಧಿಸಿ ಇನ್ನು ಯಾವುದೇ ಬೇಡಿಕೆ ಇಲ್ಲ’ ಎಂಬ ಮಾತು, ಇಬ್ಬರ ಸಹಿ. ಹಣ ಯುಪಿಐ ಅಥವಾ ಬ್ಯಾಂಕ್ ಮೂಲಕವೇ ಹೋಗಲಿ. ಯಾರಿಗಾದರೂ ಏಟಾಗಿದ್ದರೆ ಮಾತ್ರ ಈ ದಾರಿಯೇ ಬೇಡ.

ಪ್ರಶ್ನೆ: ಗುದ್ದಿದ ತಕ್ಷಣ ಏನೇನು ಮಾಡಬೇಕು? ಕಾರು ಸ್ಟಾರ್ಟ್ ಆಗುತ್ತಿದ್ದರೆ ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ, ಏಕೆಂದರೆ ಅತಿ ದುಬಾರಿಯಾಗುವ ತಪ್ಪು ಅಲ್ಲೇ ಆಗುವುದು.

ಜೋರಾಗಿ ಬ್ರೇಕ್ ಒತ್ತಿದಾಗ ಕಾರಿನ ಮೂತಿ ಕೆಳಗೆ ಬಾಗುತ್ತದೆ. ಹೀಗಾಗಿ ಅದು ಮುಂದಿನ ಗಾಡಿಯ ಬಂಪರ್ ಅಡಿಗೆ ತೂರಿಕೊಳ್ಳುತ್ತದೆ. ಏಟು ನಿಮ್ಮ ಬಂಪರ್‌ನ ಗಟ್ಟಿ ಬೀಮ್‌ಗೆ ಬೀಳುವ ಬದಲು ಅದರ ಮೇಲಿನ ಗ್ರಿಲ್, ಹೆಡ್‌ಲೈಟ್, ಬಾನೆಟ್ ಅಂಚಿಗೆ ಬೀಳುತ್ತದೆ. ಗ್ರಿಲ್ ಹಿಂದೆ ಕೆಲವೇ ಇಂಚಿನಲ್ಲಿ ಎಸಿ ಕಂಡೆನ್ಸರ್, ಅದರ ಬೆನ್ನಿಗೆ ರೇಡಿಯೇಟರ್. ಹೊರಗಿನಿಂದ ಬಂಪರ್ ಸೀಳಿದ್ದಷ್ಟೇ ಕಂಡರೂ ಒಳಗೆ ರೇಡಿಯೇಟರ್ ಬಿರುಕು ಬಿಟ್ಟಿರಬಹುದು. ಹಾಗೆಯೇ ಓಡಿಸಿದರೆ ಎಂಜಿನ್ ತಂಪಾಗಿಡುವ ದ್ರವವಾದ ಕೂಲಂಟ್ ಸೋರಿ ಎಂಜಿನ್ ಕಾದು, ಹೆಡ್ ಗ್ಯಾಸ್ಕೆಟ್ ಹೋಗಿ, ಕೊನೆಗೆ ಎಂಜಿನ್ ಸೀಜ್ ಆಗುತ್ತದೆ. ಅಪಘಾತದ ಬಳಿಕ ರಿಪೇರಿಗೆ ಮುನ್ನ ಓಡಿಸಿದ್ದರಿಂದ ಹೆಚ್ಚಾದ ಹಾನಿಗೆ ಕಂಪನಿ ಹೊಣೆಯಲ್ಲ ಎಂದು ಪಾಲಿಸಿಯಲ್ಲೇ ಬರೆದಿದೆ. ರೇಡಿಯೇಟರ್‌ಗೆ ಹಣ ಸಿಗುತ್ತದೆ, ಎಂಜಿನ್‌ಗೆ ಸಿಗುವುದಿಲ್ಲ.

ಆದ್ದರಿಂದ ಎಂಜಿನ್ ಆಫ್ ಮಾಡಿ ಕಾರಿನಡಿ ನೋಡಿ. ಹಸಿರು, ಗುಲಾಬಿ ಅಥವಾ ನೀಲಿ ಬಣ್ಣದ ದ್ರವ ತೊಟ್ಟಿಕ್ಕುತ್ತಿದ್ದರೆ ಅದು ಕೂಲಂಟ್. ಬಣ್ಣವಿಲ್ಲದ ನೀರು ಎಸಿಯದಿರಬಹುದು. ಸಂಶಯವಿದ್ದರೂ ಟೋಯಿಂಗ್ ಮಾಡಿಸಿ. ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರೆ ಯೋಚಿಸುವುದೇ ಬೇಡ. ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ಟೋಯಿಂಗ್‌ಗೆ 1,500 ರೂಪಾಯಿವರೆಗೆ ಸಿಗುತ್ತದೆ; ರೋಡ್‌ಸೈಡ್ ಅಸಿಸ್ಟೆನ್ಸ್ ತೆಗೆದುಕೊಂಡಿದ್ದರೆ ಮೊದಲು ಆ ನಂಬರಿಗೇ ಕರೆ ಮಾಡಿ.

ಇನ್ನು ಉಳಿದದ್ದು. ಹಜಾರ್ಡ್ ಲೈಟ್ ಹಾಕಿ, ತ್ರಿಕೋನ ಫಲಕ ಇಡಿ, ಯಾರಿಗಾದರೂ ಏಟಾಗಿದೆಯೇ ನೋಡಿ. ಗಾಡಿ ಸರಿಸುವ ಮುನ್ನ ಫೋಟೊ ತೆಗೆಯಿರಿ: ಎರಡೂ ನಂಬರ್ ಪ್ಲೇಟ್ ಒಂದೇ ಚಿತ್ರದಲ್ಲಿ ಬರುವಂತೆ ಒಂದು, ತಗುಲಿದ ಜಾಗದ್ದು ಹತ್ತಿರದಿಂದ ಎರಡು-ಮೂರು, ರಸ್ತೆ ಮತ್ತು ಲೇನ್ ಕಾಣುವಂತೆ ದೂರದಿಂದ ಒಂದು, ಬ್ರೇಕ್ ಗುರುತಿದ್ದರೆ ಅದರದ್ದು. ಮುಂದಿನ ಕಾರಿನಲ್ಲಿ ಮೊದಲೇ ಇದ್ದ ಹಳೆಯ ಪೆಟ್ಟುಗಳನ್ನೂ ಸೆರೆಹಿಡಿಯಿರಿ. ತುಕ್ಕು ಹಿಡಿದ ಗೀರು ಇವತ್ತಿನದಲ್ಲ. ಆಮೇಲೆ ಡಿಎಲ್, ಆರ್‌ಸಿ, ವಿಮೆ ವಿವರ ಬದಲಾಯಿಸಿಕೊಳ್ಳಿ.

ಯಾರಿಗಾದರೂ ಗಾಯವಾದರೆ ಅಥವಾ ಇನ್ನೊಬ್ಬರ ಆಸ್ತಿಗೆ ಹಾನಿಯಾದರೆ ಚಾಲಕ ಏನು ಮಾಡಬೇಕೆಂದು ಮೋಟಾರು ವಾಹನ ಕಾಯ್ದೆ 1988ರ 134ನೇ ಸೆಕ್ಷನ್ ಹೇಳುತ್ತದೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು, ವಿಮಾ ಕಂಪನಿಗೆ ಲಿಖಿತವಾಗಿ ವಿವರ ಕೊಡಬೇಕು. ಕಂಪನಿಗೆ ಅದೇ ದಿನ ತಿಳಿಸಿ ಕ್ಲೇಮ್ ನಂಬರ್ ಪಡೆಯಿರಿ. ಹಾನಿ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ನೋಡುವ ಮುನ್ನ ಗ್ಯಾರೇಜಿನವರು ಒಂದು ಬೋಲ್ಟ್ ಕೂಡ ಬಿಚ್ಚಬಾರದು.

ಪ್ರಶ್ನೆ: ನನ್ನ ಕಾರಿನ ಮುಂಭಾಗ ಹಾಳಾಗಿದೆ. 45% ನೋ ಕ್ಲೇಮ್ ಬೋನಸ್ ಇದೆ. ಕ್ಲೇಮ್ ಮಾಡಲೇ, ಕೈಯಿಂದ ಹಾಕಲೇ?

ಉತ್ತರ: ಮಾತಿನಲ್ಲಿ ತೀರ್ಮಾನವಾಗುವ ಪ್ರಶ್ನೆಯಲ್ಲ ಇದು. ಕಾಗದ, ಪೆನ್ನು ತೆಗೆದುಕೊಳ್ಳಿ.

ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳು, ಬ್ಯಾಟರಿ, ಟೈರ್, ಏರ್‌ಬ್ಯಾಗ್ ಇವಕ್ಕೆಲ್ಲ 50% ಸವಕಳಿ ಕಡಿತ. ಫೈಬರ್‌ಗ್ಲಾಸ್‌ಗೆ 30%. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ: 6 ತಿಂಗಳೊಳಗೆ ಏನಿಲ್ಲ, 1 ವರ್ಷದವರೆಗೆ 5%, 2ರವರೆಗೆ 10%, 3ರವರೆಗೆ 15%, 4ರವರೆಗೆ 25%, 5ರವರೆಗೆ 35%, 10ರವರೆಗೆ 40%, ಆಮೇಲೆ 50%. ಪೇಂಟಿಂಗ್ ಬಿಲ್‌ನಲ್ಲಿ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಕತ್ತರಿಸುತ್ತಾರೆ. ಕೂಲಿಗೆ ಕಡಿತವಿಲ್ಲ. ಕೊನೆಗೆ ಕಡ್ಡಾಯ ಕಡಿತ: 1500 ಸಿಸಿವರೆಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000.

ಮೂರೂವರೆ ವರ್ಷದ, 1200 ಸಿಸಿಯ ಕಾರು ಎಂದಿಟ್ಟುಕೊಳ್ಳಿ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿದ್ದೇವೆ, ತೆರಿಗೆ ಬಿಟ್ಟಿದ್ದೇವೆ. ಬಂಪರ್ 8,000, ಹೆಡ್‌ಲೈಟ್ 12,000, ಬಾನೆಟ್ 10,000, ಕಂಡೆನ್ಸರ್ 8,000, ಪೇಂಟಿಂಗ್ 12,000, ಕೂಲಿ 6,000: ಒಟ್ಟು 56,000. ಕಂಪನಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಬಂಪರ್‌ಗೆ 4,000, ಹೆಡ್‌ಲೈಟ್‌ಗೆ 6,000 (ಈಗಿನ ಹೆಡ್‌ಲೈಟ್‌ಗಳೂ ಪ್ಲಾಸ್ಟಿಕ್ಕೇ), ಬಾನೆಟ್‌ಗೆ 7,500, ಕಂಡೆನ್ಸರ್‌ಗೆ 6,000, ಪೇಂಟಿಂಗ್‌ಗೆ 10,500, ಕೂಲಿಗೆ 6,000. ಕೂಡಿದರೆ 40,000, 1,000 ಕಳೆದು 39,000.

ಈಗ ಬೋನಸ್ ಕಡೆ. ಅದು ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ಮಾತ್ರ ಸಿಗುವ ರಿಯಾಯಿತಿ. ಬೋನಸ್ ಕಳೆಯುವ ಮುಂಚೆ ಆ ಪ್ರೀಮಿಯಂ 10,000 ಎನ್ನೋಣ. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ 50% ಆಗಿ, ಪ್ರತಿ ವರ್ಷ 5,000 ಕಟ್ಟುತ್ತೀರಿ. ಕ್ಲೇಮ್ ಮಾಡಿದರೆ ಬೋನಸ್ ಸೊನ್ನೆ. ಆಮೇಲೆ 20, 25, 35, 45% ಎಂದು ಮತ್ತೆ ಏರಬೇಕು. ಐದು ರಿನ್ಯೂವಲ್‌ಗಳಲ್ಲಿ ಹೆಚ್ಚುವರಿಯಾಗಿ 5,000, 3,000, 2,500, 1,500, 500, ಒಟ್ಟು 12,500 ಹೋಗುತ್ತದೆ. ಕಾರಿನ ಬೆಲೆ ಇಳಿದಂತೆ ಪ್ರೀಮಿಯಂ ಕೂಡ ಇಳಿಯುವುದರಿಂದ ನಿಜದಲ್ಲಿ ತುಸು ಕಡಿಮೆಯೇ. 39,000 ಸಿಗುವಲ್ಲಿ ಇದು ದೊಡ್ಡದಲ್ಲ, ಕ್ಲೇಮ್ ಮಾಡಿ.

ಆದರೆ ಅದೇ ಕಾರಿನಲ್ಲಿ ಬಂಪರ್ ಮಾತ್ರ ಹೋಗಿದ್ದರೆ? ಬಂಪರ್ 8,000, ಪೇಂಟಿಂಗ್ 5,000, ಕೂಲಿ 2,000, ಒಟ್ಟು 15,000. ಕಂಪನಿ ಕೊಡುವುದು 4,000 + 4,375 + 2,000 − 1,000, ಅಂದರೆ 9,375. ಬೋನಸ್‌ನಲ್ಲಿ ಕಳೆದುಕೊಳ್ಳುವುದು ಅದಕ್ಕಿಂತ ಹೆಚ್ಚು. ಇಲ್ಲಿ ಕೈಯಿಂದ ಹಾಕುವುದೇ ಲೇಸು. ಜೀರೋ ಡೆಪ್ ಎಂಬ ಆಡ್-ಆನ್ (ಹೆಚ್ಚುವರಿ ಹಣ ಕಟ್ಟಿ ಪಡೆಯುವ ರಕ್ಷಣೆ) ಇದ್ದರೆ ಸವಕಳಿ ಕಡಿತ ಇರುವುದಿಲ್ಲ, ಲೆಕ್ಕ ಬದಲಾಗುತ್ತದೆ. ಆದರೆ ವರ್ಷಕ್ಕೆ ಎಷ್ಟು ಕ್ಲೇಮ್ ಎಂಬ ಮಿತಿ ಇರಬಹುದು, ಕೂಲಂಟ್, ಎಸಿ ಗ್ಯಾಸ್, ನಟ್ಟು-ಬೋಲ್ಟುಗಳಿಗೆ ಬೇರೆಯೇ ಆಡ್-ಆನ್ ಬೇಕು. ಬೋನಸ್ ರಕ್ಷಣೆಯ ಆಡ್-ಆನ್ ಇದ್ದರೆ ಹಿಂದೆಮುಂದೆ ನೋಡಬೇಕಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮುಂದಿನ ಕಾರಿನವರು ನಿಮ್ಮ ಥರ್ಡ್ ಪಾರ್ಟಿ ವಿಮೆಯ ಮೇಲೆ ಹಾಕುವ ಕ್ಲೇಮ್‌ನಿಂದ ನಿಮ್ಮ ಬೋನಸ್ ಹೋಗುವುದಿಲ್ಲ. ಬೋನಸ್ ಉಳಿಸಲೆಂದು ಕಂಪನಿಗೆ ವಿಷಯವನ್ನೇ ಮುಚ್ಚಿಡುವುದು ತಪ್ಪು ಲೆಕ್ಕ. ತಿಳಿಸುವುದು ಬೇರೆ, ಓನ್ ಡ್ಯಾಮೇಜ್ ಕ್ಲೇಮ್ ಮಾಡುವುದು ಬೇರೆ.

ಪ್ರಶ್ನೆ: ಮುಂದಿನವರು ಏಕಾಏಕಿ ಬ್ರೇಕ್ ಹಾಕಿದರು. ಆದರೂ ತಪ್ಪು ನನ್ನದೇ ಆಗುತ್ತದೆಯೇ?

ಉತ್ತರ: ಬಹುತೇಕ ಹೌದು. ಮುಂದಿನ ಗಾಡಿ ದಿಢೀರ್ ನಿಂತರೂ ಗುದ್ದದಷ್ಟು ಅಂತರ ಇಡಬೇಕು ಎನ್ನುವುದೇ ನಿಯಮ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು 2 ಸೆಕೆಂಡಿಗೆ ಸುಮಾರು 33 ಮೀಟರ್ ಹೋಗುತ್ತದೆ, 80ರಲ್ಲಿ 44 ಮೀಟರ್. 2018ರ ಒಂದು ಪ್ರಕರಣದಲ್ಲಿ ಲಾರಿಯ ಹಿಂದೆ ಕೇವಲ 10–15 ಅಡಿ ಅಂತರದಲ್ಲಿ ಹೋಗುತ್ತಿದ್ದ ಕಾರಿನದೇ ತಪ್ಪು ಎಂಬ ತೀರ್ಮಾನವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಆದರೂ ಮುಂದಿನವರಿಗೆ ಪೂರ್ತಿ ವಿನಾಯಿತಿ ಇಲ್ಲ. ಹೆದ್ದಾರಿಯಲ್ಲಿ ಸೂಚನೆ ಕೊಡದೆ ಕಾರು ನಿಲ್ಲಿಸಿದ ಪ್ರಕರಣವೊಂದರಲ್ಲಿ 2025ರಲ್ಲಿ ಅದೇ ಕೋರ್ಟ್ ಕಾರಿನ ಚಾಲಕನಿಗೆ 50%, ಹಿಂದಿನಿಂದ ಗುದ್ದಿದ ಬೈಕ್ ಸವಾರನಿಗೆ 20%, ನಂತರ ಹರಿದ ಬಸ್ಸಿಗೆ 30% ಹೊಣೆ ಹಂಚಿತು. ಇಂಥ ವಾದಕ್ಕೆ ಡ್ಯಾಶ್‌ಕ್ಯಾಮ್ ಅಥವಾ ಸಿಸಿಟಿವಿ ದೃಶ್ಯವೇ ಆಧಾರ. ಅಕ್ಕಪಕ್ಕದ ಸಿಸಿಟಿವಿಯಲ್ಲಿ ಹಳೆಯ ದೃಶ್ಯ ಅಳಿಸಿ ಹೋಗುವ ಮುನ್ನ ಕೇಳಿ ಪಡೆಯಿರಿ. ನಿಮ್ಮ ಓನ್ ಡ್ಯಾಮೇಜ್ ಕ್ಲೇಮ್‌ಗೆ ಮಾತ್ರ ಇದ್ಯಾವುದೂ ಅಡ್ಡಿಯಲ್ಲ; ಚಾಲನೆಯಲ್ಲಿ ನಿಮ್ಮದೇ ತಪ್ಪಿದ್ದರೂ ಆ ಹಣ ಸಿಗುತ್ತದೆ.

ಪ್ರಶ್ನೆ: ನನ್ನ ಹಿಂದಿನ ಕಾರು ನನಗೆ ಗುದ್ದಿ, ನಾನು ಮುಂದಿನದಕ್ಕೆ ಗುದ್ದಿದೆ. ಹೊಣೆ ಯಾರದು?

ಉತ್ತರ: ನೀವು ನಿಂತಿದ್ದು, ಹಿಂದಿನ ಏಟಿಗೆ ಮುಂದೆ ತಳ್ಳಲ್ಪಟ್ಟಿದ್ದರೆ ಹಿಂದಿನವರದು. ನೀವು ಮೊದಲೇ ಮುಂದಿನದಕ್ಕೆ ಗುದ್ದಿದ್ದರೆ ಆ ಭಾಗ ನಿಮ್ಮದು. ಮುಂದಿನ ಕಾರಿನವರಿಗೆ ಒಂದು ಏಟು ಬಿತ್ತೋ ಎರಡೋ ಎಂದು ಅಲ್ಲೇ ಕೇಳಿ ದಾಖಲಿಸಿಕೊಳ್ಳಿ.

ಪ್ರಶ್ನೆ: ಎರಡು ವಾರದ ನಂತರ ಮುಂದಿನ ಕಾರಿನವರು ‘ಕತ್ತು ನೋವು, ಚಿಕಿತ್ಸೆ ಖರ್ಚು ಕೊಡಿ’ ಎನ್ನುತ್ತಿದ್ದಾರೆ. ಸುಳ್ಳಿರಬಹುದೇ?

ಉತ್ತರ: ಸುಳ್ಳೆಂದು ಹೊರಡಬೇಡಿ. ಹಿಂದಿನಿಂದ ಏಟು ಬಿದ್ದಾಗ ತಲೆ ಹಿಂದಕ್ಕೂ ಮುಂದಕ್ಕೂ ಜೋಲಿ ಹೊಡೆದು ಕತ್ತಿನ ಸ್ನಾಯು ಉಳುಕುತ್ತದೆ. ನೋವು ಕಾಣಿಸಿಕೊಳ್ಳಲು ಒಂದೆರಡು ದಿನ ಹಿಡಿಯುವುದು ಸಾಮಾನ್ಯ. ಸೌಜನ್ಯದಿಂದ ಮಾತಾಡಿ, ಮೊತ್ತದ ಚರ್ಚೆಗೆ ಇಳಿಯಬೇಡಿ. ಅವರ ಸಂದೇಶದ ಪ್ರತಿಯೊಂದಿಗೆ ಕಂಪನಿಗೆ ಅಂದೇ ಇಮೇಲ್ ಮಾಡಿ. ನ್ಯಾಯಮಂಡಳಿಯಿಂದ ನೋಟಿಸ್ ಬಂದರೆ ಅದನ್ನೂ ತಕ್ಷಣ ಕಳಿಸಿ, ಸ್ವೀಕೃತಿ ಪಡೆಯಿರಿ. ವಕೀಲರನ್ನು ಇಟ್ಟು ನಡೆಸುವುದು ಕಂಪನಿಯ ಕೆಲಸ. ನೋಟಿಸ್ ಡ್ರಾಯರಿನಲ್ಲಿ ಉಳಿದು ಏಕಪಕ್ಷೀಯ ಆದೇಶವಾದರೆ ಸರಿಪಡಿಸುವುದು ಕಷ್ಟ.

ಪ್ರಶ್ನೆ: ಓಡಿಸಿದ್ದು ನನ್ನ ತಮ್ಮ. ಹೊಗೆ ತಪಾಸಣೆ ಸರ್ಟಿಫಿಕೇಟಿನ ಅವಧಿಯೂ ಮುಗಿದಿತ್ತು. ಕ್ಲೇಮ್ ತಿರಸ್ಕರಿಸುತ್ತಾರೆಯೇ?

ಉತ್ತರ: ತಮ್ಮನಿಗೆ ಆ ವರ್ಗದ ಚಾಲ್ತಿ ಲೈಸೆನ್ಸ್ ಇದ್ದರೆ, ಕುಡಿದಿರದಿದ್ದರೆ ತೊಂದರೆಯಿಲ್ಲ. ಆದರೆ ಫಾರಂನಲ್ಲಿ ನೀವೇ ಓಡಿಸುತ್ತಿದ್ದಿರಿ ಎಂದು ಬರೆಯಬೇಡಿ. ಆ ಸುಳ್ಳೇ ತಿರಸ್ಕಾರಕ್ಕೆ ಕಾರಣವಾಗುತ್ತದೆ. ಹೊಗೆ ತಪಾಸಣೆ ಸರ್ಟಿಫಿಕೇಟ್ ಇಲ್ಲ ಎಂಬ ಒಂದೇ ಕಾರಣಕ್ಕೆ ಅಪಘಾತದ ಕ್ಲೇಮ್ ನಿರಾಕರಿಸುವಂತಿಲ್ಲ ಎಂಬುದು ವಿಮಾ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ 2020ರಲ್ಲೇ ಸ್ಪಷ್ಟಪಡಿಸಿದ ವಿಷಯ. ಲೈಸೆನ್ಸ್ ಇಲ್ಲದೆ ಓಡಿಸಿದ್ದರೆ ನಿಮ್ಮ ಕಾರಿನ ರಿಪೇರಿಗೆ ಏನೂ ಸಿಗದು. ಗಾಯಾಳುವಿಗೆ ಕಂಪನಿ ಕೊಟ್ಟ ಪರಿಹಾರವನ್ನೂ ನಿಮ್ಮಿಂದಲೇ ವಸೂಲಿ ಮಾಡಬಹುದು.

ಪ್ರಶ್ನೆ: ಸರ್ವೇಯರ್ ಅರ್ಧ ಭಾಗಗಳನ್ನು ‘ರಿಪೇರಿ ಸಾಕು’ ಎಂದು ಹೊಡೆದುಹಾಕಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಸರ್ವೇ ವರದಿಯ ಪ್ರತಿ ಕೇಳಿ. ಬಾನೆಟ್ ತಟ್ಟಿ ಸರಿಪಡಿಸಲು ಸಾಧ್ಯವಿದ್ದರೆ ಸರ್ವೇಯರ್ ಮಾತು ಒಪ್ಪಬೇಕಾದದ್ದೇ. ಆದರೆ ಹೆಡ್‌ಲೈಟಿನ ಹಿಡಿ ಮುರಿದಿದ್ದರೆ, ರೇಡಿಯೇಟರ್ ಹೊತ್ತ ಅಡ್ಡಪಟ್ಟಿ ಬಾಗಿ ಫ್ಯಾನ್ ತಾಗುತ್ತಿದ್ದರೆ ರಿಪೇರಿ ನಿಲ್ಲುವುದಿಲ್ಲ. ಗ್ಯಾರೇಜಿನವರಿಂದ ಕಾರಣ ಬರೆಸಿ, ಬಿಚ್ಚಿದ ಭಾಗದ ಫೋಟೊ ಸಮೇತ ಮರುಪರಿಶೀಲನೆ ಕೇಳಿ. ಬಂಪರ್ ಬಿಚ್ಚಿದ ಮೇಲೆ ಕಂಡ ಹಾನಿಗೆ ಪೂರಕ ಎಸ್ಟಿಮೇಟ್ ಕೊಡಲು ಅವಕಾಶವಿದೆ. ಹೊಸ ಭಾಗ ಕೂರಿಸುವ ಮುಂಚೆ ಕೊಡಬೇಕು. ಮುಂಭಾಗದಲ್ಲಿ ರಾಡಾರ್ ಅಥವಾ ಕ್ಯಾಮೆರಾ ಇರುವ ಕಾರಾದರೆ ಅದರ ಕ್ಯಾಲಿಬ್ರೇಷನ್ ಖರ್ಚೂ ಎಸ್ಟಿಮೇಟ್‌ನಲ್ಲಿರಲಿ. ಅದನ್ನು ಮರೆತರೆ ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆ ತಪ್ಪು ಅಂತರ ಓದುತ್ತದೆ.

ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ, 15 ದಿನದೊಳಗೆ ವರದಿ, ವರದಿ ಬಂದ 7 ದಿನದೊಳಗೆ ತೀರ್ಮಾನ ಎಂದು ಐಆರ್‌ಡಿಎಐ 2024ರಲ್ಲಿ ಗಡುವು ಹಾಕಿದೆ. ತೃಪ್ತಿಯಾಗದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ, ಜೊತೆಗೆ ಐಆರ್‌ಡಿಎಐನ ದೂರು ಸ್ವೀಕರಿಸುವ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲಿ ದಾಖಲಿಸಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ನಿರಾಕರಿಸಿದರೆ ಇಂಥ ದೂರುಗಳನ್ನು ಇತ್ಯರ್ಥಪಡಿಸುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಆದರೆ ಕಂಪನಿ ನಿರಾಕರಿಸಿದ ಅಥವಾ ಆ ತಿಂಗಳು ಮುಗಿದ ಮೇಲೆ ಒಂದು ವರ್ಷ ಮೀರಬಾರದು.