ಸ್ಕ್ವಾಟ್, ಡೆಡ್‌ಲಿಫ್ಟ್ ಜೊತೆಗೆ ಪವರ್ ಕ್ಲೀನ್ ಬೇಕಾ?

ನೀವು ಪುಣೆಯ ವಾಕಡ್‌ನಲ್ಲಿದ್ದೀರಿ. ವಾರಕ್ಕೆ ಮೂರು ದಿನ ಸ್ಕ್ವಾಟ್ (ಬಾರ್ ಹೊತ್ತು ಕೂತು ಏಳೋದು), ಪ್ರೆಸ್ (ಬಾರನ್ನು ತಲೆಯ ಮೇಲಕ್ಕೆ ಒತ್ತೋದು), ಡೆಡ್‌ಲಿಫ್ಟ್ (ಬಾರನ್ನು ನೆಲದಿಂದ ತೊಡೆಯವರೆಗೆ ಎತ್ತೋದು) ಮಾಡುತ್ತೀರಿ, ಪ್ರತಿ ಸಲ ಸ್ವಲ್ಪ ತೂಕ ಏರಿಸುತ್ತೀರಿ. ಪವರ್ ಕ್ಲೀನ್ ಅಂದರೆ ಬಾರನ್ನು ನೆಲದಿಂದ ಒಂದೇ ಓಘಕ್ಕೆ ಭುಜದ ಮೇಲೆ ತರೋದು. ಅದನ್ನು ಸೇರಿಸು, ಮೈಗೆ ಚುರುಕು ಬರುತ್ತೆ ಅಂತ ಗೆಳೆಯ ಹೇಳುತ್ತಾರೆ. ಬೇಡ, ಬೆನ್ನು ಹಿಡ್ಕೊಳ್ಳುತ್ತೆ ಅಂತ ಜಿಮ್ ಟ್ರೇನರ್ ಹೇಳುತ್ತಾರೆ. ಯಾರ ಮಾತು ಕೇಳಲಿ ಅನ್ನೋದು ನಿಮ್ಮ ಪ್ರಶ್ನೆ, ಅಲ್ವಾ?

ನಾನು ಕೋಥ್ರೂಡ್‌ನಲ್ಲಿರುವವನು. ಕೋಚ್ ಅಲ್ಲ, ಆದರೆ ಬಹಳ ಕಾಲದಿಂದ ಬಾರ್‌ಬೆಲ್ ಎತ್ತುತ್ತಿದ್ದೇನೆ. ನನ್ನ ಉತ್ತರ: ಸೇರಿಸಿಕೊಳ್ಳಿ, ಆದರೆ ಗೆಳೆಯರು ಹೇಳುವ ಕಾರಣಕ್ಕಲ್ಲ.

ಚುರುಕು ಅನ್ನೋದು ಬಹುಪಾಲು ಹುಟ್ಟಿನಿಂದ ಬಂದದ್ದು. ಕ್ಲೀನ್ ಮಾಡಿದ ಮಾತ್ರಕ್ಕೆ ನೀವು ಎಗರುವ ಎತ್ತರ ತುಂಬಾ ಬದಲಾಗುವುದಿಲ್ಲ. ಶಕ್ತಿಯ ಕಥೆ ಬೇರೆ. ಸ್ಕ್ವಾಟ್ 60 ಕೆಜಿಯಿಂದ 100ಕ್ಕೆ ಹೋದರೆ ಮೆಟ್ಟಿಲು ಹತ್ತೋದು, ಓಡೋದು, ಕ್ರಿಕೆಟ್ ಎಲ್ಲವೂ ಅದಾಗಿಯೇ ಸುಧಾರಿಸುತ್ತದೆ. ಆ ಕೆಲಸ ನೀವು ಈಗಾಗಲೇ ಮಾಡುತ್ತಿದ್ದೀರಿ.

ಕ್ಲೀನ್‌ನಿಂದ ನಿಜವಾದ ಲಾಭ ಡೆಡ್‌ಲಿಫ್ಟ್‌ಗೆ. ತೂಕ ಹೆಚ್ಚಾದ ಮೇಲೆ ವಾರಕ್ಕೆ ಮೂರು ಸಲ ಡೆಡ್‌ಲಿಫ್ಟ್ ಮಾಡಿ, ಮೂರು ಸಲ ಸ್ಕ್ವಾಟ್‌ನೂ ಮಾಡಿದರೆ ಬೆನ್ನು ಸುಧಾರಿಸಿಕೊಳ್ಳೋದೇ ಇಲ್ಲ. ಹಾಗಂತ ನೆಲದಿಂದ ಎತ್ತುವ ಅಭ್ಯಾಸ ಬಿಡೋ ಹಾಗೂ ಇಲ್ಲ. ಆ ಮಧ್ಯದ ದಿನಕ್ಕೆ ಕ್ಲೀನ್ ಸರಿಯಾಗಿ ಕೂರುತ್ತದೆ. 100 ಕೆಜಿ ಡೆಡ್‌ಲಿಫ್ಟ್ ಮಾಡುವ ಹೊಸಬರು ಸಾಮಾನ್ಯವಾಗಿ ಅದರ ಅರ್ಧದ ಆಸುಪಾಸಿನಲ್ಲಿ ಕ್ಲೀನ್ ಮಾಡುತ್ತಾರೆ. ಬೆನ್ನಿಗೆ ಕೆಲಸ ಸಿಗುತ್ತದೆ, ಆದರೆ ಅದು ಸೋತು ಹೋಗುವುದಿಲ್ಲ. ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಡೆಡ್‌ಲಿಫ್ಟ್‌ನಲ್ಲಿ ಹಲ್ಲು ಕಚ್ಚಿ ನಿಧಾನವಾಗಿಯಾದರೂ ಮೇಲೆ ತರಬಹುದು. ಕ್ಲೀನ್‌ನಲ್ಲಿ ಆ ಆಟ ನಡೆಯೋದಿಲ್ಲ. ಬಾರ್ ಭುಜಕ್ಕೆ ಬರುತ್ತದೆ, ಇಲ್ಲ ನೆಲಕ್ಕೆ ಹೋಗುತ್ತದೆ.

ಹೀಗೆ ಜೋಡಿಸಿ. ಒಂದು ದಿನ ಸ್ಕ್ವಾಟ್, ಪ್ರೆಸ್, ಡೆಡ್‌ಲಿಫ್ಟ್. ಮುಂದಿನ ದಿನ ಸ್ಕ್ವಾಟ್, ಬೆಂಚ್ ಪ್ರೆಸ್ (ಬೆಂಚ್ ಮೇಲೆ ಮಲಗಿ ಬಾರ್ ಒತ್ತೋದು), ಕ್ಲೀನ್. ಮತ್ತೆ ಮೊದಲಿನದು. ಕ್ಲೀನ್‌ಗೆ 5 ಸೆಟ್ (ಸುತ್ತು), ಪ್ರತಿ ಸೆಟ್‌ಗೆ 3 ರೆಪ್ (ಸಲ ಎತ್ತೋದು) ಮಾತ್ರ. ಸುಸ್ತಾದಾಗ ಮೊದಲು ಕೆಡೋದು ಇದರ ವರಸೆಯೇ, ಅದಕ್ಕೇ ರೆಪ್ ಕಡಿಮೆ. ಒಂದು ಸಲಕ್ಕೆ 2.5 ಕೆಜಿಗಿಂತ ಜಾಸ್ತಿ ಏರಿಸಬೇಡಿ. ಕಲಿಯುವ ಮೊದಲ ಕೆಲವು ವಾರ ಸ್ಕ್ವಾಟ್‌ಗೂ ಮುಂಚೆ, ಕಾಲು ದಣಿಯುವ ಮೊದಲೇ ಮಾಡಿ.

ಇನ್ನು ಕಲಿಯುವುದು. ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್‌ಗೆ ಹೋದರೆ ಹಮಾಲರು ಮೂಟೆ ಎತ್ತೋದನ್ನು ಒಂದು ಸಲ ಗಮನಿಸಿ. ಕೈಯಿಂದ ಎಳೆಯೋದಿಲ್ಲ. ಕಾಲಿನಿಂದ ಒಂದು ಜೋರಾದ ನೂಕು ಕೊಟ್ಟು, ಮೂಟೆ ಮೇಲಿರುವಾಗಲೇ ಅದರ ಕೆಳಗೆ ಹೋಗಿಬಿಡುತ್ತಾರೆ. ಕ್ಲೀನ್ ಕೂಡ ಅಷ್ಟೇ. ಬಾರನ್ನು ತೊಡೆಯ ಮಧ್ಯಕ್ಕೆ ಹಿಡಿದು, ಮೊಣಕಾಲು ಸ್ವಲ್ಪ ಬಗ್ಗಿಸಿ, ಕೈ ನೇರ ಇಟ್ಟು ಎಗರಿ. ಕೈ ಮುಂಚೆಯೇ ಮಡಚಿದರೆ ಕಾಲಿನ ಬಲ ಬಾರ್‌ಗೆ ಹೋಗೋದೇ ಇಲ್ಲ. ಎಗರಿದ ಮೇಲೆ ಮೊಣಕೈಗಳನ್ನು ಬೇಗ ಮುಂದಕ್ಕೆ ತಿರುಗಿಸಿ. ಬಾರ್ ಕೂರಬೇಕಾದದ್ದು ಭುಜದ ಮೇಲೆ, ಅಂಗೈಯಲ್ಲಲ್ಲ. ಮಣಿಕಟ್ಟು ನೋಯುತ್ತಿದ್ದರೆ ನೀವು ಬಾರನ್ನು ಬಿಗಿಯಾಗಿ ಹಿಡಿದೇ ನಿಂತಿದ್ದೀರಿ ಅಂತ ಅರ್ಥ. ಬೆರಳು ಸಡಿಲ ಬಿಡಿ. ಇದು ಚೆನ್ನಾಗಿ ರೂಢಿಯಾದ ಮೇಲೆ ಮೊಣಕಾಲಿನ ಕೆಳಗಿನಿಂದ ಎತ್ತಿ, ಆಮೇಲೆ ನೆಲದಿಂದ. ಬಾರ್ ಮೈಗೆ ಅಂಟಿಕೊಂಡೇ ಬರಬೇಕು.

ಟ್ರೇನರ್ ಹೆದರಿಕೆಯಲ್ಲಿ ಹುರುಳಿಲ್ಲ ಅಂತಲ್ಲ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸಾಂಗ್ಲಿಯ ಸಂಕೇತ್ ಸರ್ಗರ್ 55 ಕೆಜಿ ವಿಭಾಗದಲ್ಲಿ ಬೆಳ್ಳಿ ಗೆದ್ದರು, ಆದರೆ ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ (ಬಾರನ್ನು ಭುಜಕ್ಕೆ ತಂದು, ಅಲ್ಲಿಂದ ತಲೆಯ ಮೇಲಕ್ಕೆ ಎತ್ತೋದು) 139 ಕೆಜಿ ಎತ್ತುವಾಗ ಮೊಣಕೈಗೆ ಪೆಟ್ಟಾಯಿತು. (ಅದೇ ದಿನ ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 61 ಕೆಜಿ ವಿಭಾಗದಲ್ಲಿ ಕಂಚು ತಂದರು. ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ ಅವರು ಎತ್ತಿದ್ದು 151. ಹೇಳದೇ ಇರೋಕೆ ಆಗಲಿಲ್ಲ!) ಸಂಕೇತ್ ಎತ್ತುತ್ತಿದ್ದದ್ದು ಮೈತೂಕದ ಎರಡೂವರೆ ಪಟ್ಟು, ಅದೂ ತಲೆಯ ಮೇಲಕ್ಕೆ. ನಿಮ್ಮದು 40 ಕೆಜಿ, ಭುಜದವರೆಗೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ನನಗೆ ಟ್ರೇನರ್‌ಗಿಂತ ಜಿಮ್ ಮೇಲೆ ಅನುಮಾನ ಜಾಸ್ತಿ. ಇಲ್ಲಿನ ಸೊಸೈಟಿ ಜಿಮ್‌ಗಳು ಎಷ್ಟೋ ಕಡೆ ಪಾರ್ಕಿಂಗ್ ಮೇಲಿನ ಮಹಡಿಯಲ್ಲಿರುತ್ತವೆ. ಟೈಲ್ಸ್ ನೆಲ, ಕಬ್ಬಿಣದ ಪ್ಲೇಟು. ಬಾರ್ ಒಮ್ಮೆ ಕೆಳಗೆ ಬಿದ್ದರೆ ಸಂಜೆಯೊಳಗೆ ಕಮಿಟಿಯ ಮೆಸೇಜ್ ಬರುತ್ತದೆ. ಎತ್ತಿದ ಬಾರನ್ನು ಬಿಡಲಾಗದೆ ಮೆಲ್ಲಗೆ ಇಳಿಸುವಾಗಲೇ ಬೆನ್ನಿಗೆ ಕುತ್ತು. ಇನ್ನೊಂದು ತೊಂದರೆ, 5 ಕೆಜಿಯ ಸಣ್ಣ ಪ್ಲೇಟು ಹಾಕಿದರೆ ಬಾರ್ ತುಂಬಾ ಕೆಳಗೆ ಕೂರುತ್ತದೆ. ಬಂಪರ್ ಪ್ಲೇಟಿನ (ಕೆಳಗೆ ಬಿಡಬಹುದಾದ ರಬ್ಬರ್ ಪ್ಲೇಟು) ಅಡ್ಡಳತೆ 45 ಸೆಂ.ಮೀ., ಹಗುರ ತೂಕದಲ್ಲೂ ಎತ್ತರ ಅಷ್ಟೇ ಇರುತ್ತದೆ. ಬಾರ್‌ನ ತುದಿ ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ತಿರುಗದ ಬಾರ್ ಮಣಿಕಟ್ಟನ್ನೇ ತಿರುಚುತ್ತದೆ.

ಈ ಸೌಕರ್ಯ ಇಲ್ಲದಿದ್ದರೆ ಕ್ಲೀನ್ ಬಿಡಿ, ಬೇಜಾರು ಬೇಡ. ಆ ದಿನ ಹಗುರ ತೂಕದ ಡೆಡ್‌ಲಿಫ್ಟ್ ವೇಗವಾಗಿ ಮಾಡಿ, ಇಲ್ಲ ಕೆಟಲ್‌ಬೆಲ್ ಸ್ವಿಂಗ್ (ಹಿಡಿಯಿರುವ ಗುಂಡು ತೂಕವನ್ನು ಸೊಂಟದ ಬಲದಿಂದ ಬೀಸೋದು) ಮಾಡಿ. ಸೌಕರ್ಯ ಇದ್ದರೆ ಇದೇ ವಾರ ಖಾಲಿ ಬಾರ್‌ನಿಂದ ಶುರು ಮಾಡಿ. ಪಕ್ಕದಿಂದ ವಿಡಿಯೋ ತೆಗೆದು ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.