ಮನೆಯ ಲೇತ್ ಕೆಲಸಕ್ಕೆ ಡಿಜಿಟಲ್ ವರ್ನಿಯರ್ ಸಾಕೇ?

ಪ್ರಶ್ನೆ: ತುಮಕೂರಿನ ಕ್ಯಾತ್ಸಂದ್ರದಲ್ಲಿ ನಮ್ಮ ಮನೆ. ಹಿತ್ತಲ ಶೆಡ್ಡಿನಲ್ಲಿ ಚಿಕ್ಕದೊಂದು ಲೇತ್ ಹಾಕಿಕೊಂಡಿದ್ದೇನೆ. ಪಂಪಿನ ಶಾಫ್ಟ್, ಬುಷ್, ಬೇರಿಂಗ್ ಕೂರುವ ಜಾಗ ಇಂಥ ಕೆಲಸವೇ ಜಾಸ್ತಿ. ಆನ್‌ಲೈನ್‌ನಲ್ಲಿ 0.01 ಮಿ.ಮೀ. ತೋರಿಸುವ ಡಿಜಿಟಲ್ ವರ್ನಿಯರ್ (ಎರಡು ದವಡೆಗಳ ನಡುವೆ ಹಿಡಿದು ಅಳೆಯುವ ಸಾಧನ) ಅಗ್ಗಕ್ಕೆ ಸಿಗುತ್ತಿದೆ. ಪಕ್ಕದ ಮನೆಯ ಹಿರಿಯರು ವಾಚ್ ಕಾರ್ಖಾನೆಯಲ್ಲಿ ಇದ್ದವರು. ತಮ್ಮ ಹಳೆಯ ಮೈಕ್ರೋಮೀಟರ್ (ಸ್ಕ್ರೂ ತಿರುಗಿಸಿ 0–25 ಮಿ.ಮೀ. ಸೂಕ್ಷ್ಮವಾಗಿ ಅಳೆಯುವ ಉಪಕರಣ) ಕೊಡುತ್ತೇನೆ ಅನ್ನುತ್ತಾರೆ. ಡಿಜಿಟಲ್ ಒಂದಿದ್ದರೆ ಸಾಕಲ್ವಾ ಸರ್? ಡಯಲ್ ಗೇಜ್ ಕೂಡ ಬೇಕಾ?

ಉತ್ತರ: ಮೊದಲು ಆ ಹಿರಿಯರಿಗೆ ‘ಕೊಡಿ’ ಅಂದುಬಿಡಿ. ನಿಮ್ಮ ಕೆಲಸಕ್ಕೆ ಮೈಕ್ರೋಮೀಟರ್ ಇಲ್ಲದೆ ಆಗುವುದಿಲ್ಲ.

ಪಂಪುಗಳಲ್ಲಿ ಸಾಮಾನ್ಯವಾಗಿ ಕಾಣುವ 6204 ಬೇರಿಂಗನ್ನೇ ನೋಡಿ. ಅದರ ಒಳವ್ಯಾಸ 20 ಮಿ.ಮೀ. ಅದಕ್ಕೆ ಕೆ6 ಫಿಟ್‌ನಲ್ಲಿ (ಬೇರಿಂಗ್ ಬಿಗಿಯಾಗಿ ಕೂರಲು ಶಾಫ್ಟಿಗೆ ಇಟ್ಟಿರುವ ಒಂದು ಅಳತೆ ಮಿತಿ) ಶಾಫ್ಟ್ ತಿರುಗಿಸಬೇಕಾದರೆ ಅಳತೆ 20.002ರಿಂದ 20.015ರ ಒಳಗೆ ಇರಬೇಕು. ಅಂದರೆ ನಿಮಗಿರುವ ಜಾಗ ಬರೀ 13 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್). ಒಳ್ಳೆಯ ಕಂಪನಿಯ 150 ಮಿ.ಮೀ. ಡಿಜಿಟಲ್ ವರ್ನಿಯರ್ ಕೂಡ ಆ ಕಡೆ ಈ ಕಡೆ 20 ಮೈಕ್ರಾನ್ ತಪ್ಪಬಹುದು ಅಂತ ತಯಾರಕರೇ ಹೇಳುತ್ತಾರೆ. ಪರದೆ ಮೇಲೆ 20.01 ಅಂತ ಬಂದರೂ ಶಾಫ್ಟ್ 19.99 ಇರಬಹುದು. ಬೇರಿಂಗ್ ಸಡಿಲವಾಗಿ ಕೂರುತ್ತದೆ, ಶಾಫ್ಟ್ ಮೇಲೆ ಉಜ್ಜುತ್ತಾ ತಿರುಗುತ್ತದೆ, ಸ್ವಲ್ಪ ದಿನಕ್ಕೇ ಆ ಜಾಗ ಸವೆಯುತ್ತದೆ. ಪರದೆ ಎಷ್ಟು ಅಂಕಿ ತೋರಿಸುತ್ತದೆ ಅನ್ನುವುದು ಬೇರೆ, ಆ ಅಂಕಿ ಎಷ್ಟು ನಿಜ ಅನ್ನುವುದು ಬೇರೆ. ಜಾಹೀರಾತಿನಲ್ಲಿ ಮೊದಲನೆಯದನ್ನು ದೊಡ್ಡದಾಗಿ ಹಾಕುತ್ತಾರೆ. ನೀವು ಕೇಳಬೇಕಾದದ್ದು ಎರಡನೆಯದನ್ನು.

ಹಳೆಯದು ಅಂತ ಹಿಂಜರಿಯಬೇಡಿ. ಜೋಪಾನ ಮಾಡಿದ ಮೈಕ್ರೋಮೀಟರ್ ಬಹಳ ವರ್ಷ ಬರುತ್ತದೆ. ಥಿಂಬಲ್ (ತಿರುಗಿಸುವ ಅಂಕಿ ಗುರುತಿನ ಕೊಳವೆ) ಅನ್ನು ಪೂರ್ತಿ ಉದ್ದಕ್ಕೂ ನಿಧಾನವಾಗಿ ತಿರುಗಿಸಿ. ಎಲ್ಲೋ ಬಿಗಿ, ಎಲ್ಲೋ ಸಡಿಲ ಅನ್ನಿಸಿದರೆ ಒಳಗಿನ ಥ್ರೆಡ್ ಸವೆದಿದೆ. ಎರಡು ಮುಖಗಳ ನಡುವೆ ಶುಭ್ರವಾದ ಬಿಳಿ ಕಾಗದ ಹಿಡಿದು ಮೆಲ್ಲಗೆ ಎಳೆಯಿರಿ, ಜಿಡ್ಡು, ಧೂಳು ಹೋಗುತ್ತದೆ. ಆಮೇಲೆ ತುದಿಯಲ್ಲಿ ಟಿಕ್ ಟಿಕ್ ಅನ್ನುವ ರಾಚೆಟ್‌ನಿಂದಲೇ ಮುಚ್ಚಿ ಸೊನ್ನೆ ನೋಡಿ. ಸೊನ್ನೆ ಸ್ವಲ್ಪ ಸರಿದಿದ್ದರೆ ಗಾಬರಿ ಬೇಡ, ಥಿಂಬಲ್ ಒಳಗಿನ ಅಳತೆ ಗೆರೆಗಳ ಕೊಳವೆ, ಅಂದರೆ ಸ್ಲೀವ್ ತಿರುಗಿಸಿ ಸರಿ ಮಾಡಬಹುದು.

ಸೊನ್ನೆ ಸರಿ ಇದ್ದ ಮಾತ್ರಕ್ಕೆ ದೊಡ್ಡ ಅಳತೆಗಳೂ ಸರಿ ಅನ್ನುವಂತಿಲ್ಲ. ಅದಕ್ಕೆ ಒಳ್ಳೆಯ ಕಂಪನಿಯ ಹೊಸ 608 ಬೇರಿಂಗ್ ಒಂದನ್ನು ತಂದಿಟ್ಟುಕೊಳ್ಳಿ. ಬೆಲೆ ಏನೂ ಜಾಸ್ತಿ ಇಲ್ಲ. ಅದರ ಹೊರವ್ಯಾಸ 22 ಮಿ.ಮೀ., ಸಾಮಾನ್ಯ ದರ್ಜೆಯಲ್ಲೂ 9 ಮೈಕ್ರಾನ್‌ಗಿಂತ ಕಮ್ಮಿ ಬರುವ ಹಾಗಿಲ್ಲ, 22 ದಾಟುವ ಹಾಗೂ ಇಲ್ಲ. ಮೈಕ್ರೋಮೀಟರ್ 21.99ಕ್ಕೂ 22.00ಕ್ಕೂ ನಡುವೆ ತೋರಿಸಿದರೆ ನೆಮ್ಮದಿಯಾಗಿ ಇಟ್ಟುಕೊಳ್ಳಿ. ಬೇರಿಂಗಿನ ಅಗಲವನ್ನು ಮಾತ್ರ ನಂಬಬೇಡಿ, ಅದರಲ್ಲಿ 120 ಮೈಕ್ರಾನ್‌ವರೆಗೆ ವ್ಯತ್ಯಾಸಕ್ಕೆ ಅವಕಾಶವಿದೆ. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ವರ್ಕ್‌ಶಾಪುಗಳಲ್ಲಿ ಗುರುತಿನವರಿದ್ದು, ಅವರ ಬಳಿ ಸ್ಲಿಪ್ ಗೇಜ್ (ನಿಖರ ಅಳತೆಯ ಉಕ್ಕಿನ ತುಂಡು) ಇದ್ದರೆ ಒಮ್ಮೆ ಅದರಲ್ಲೂ ನೋಡಿಸಿ. ಅದು ಇನ್ನೂ ಒಳ್ಳೆಯದು.

ಹಾಗಂತ ವರ್ನಿಯರ್ ಬೇಡ ಅಂತಲ್ಲ. ಉದ್ದ, ಆಳ, ದೊಡ್ಡ ವ್ಯಾಸ, ಮೊದಲ ಒರಟು ಕಟ್, ಇದಕ್ಕೆಲ್ಲ ಅದೇ ಬೇಕು. ನನ್ನನ್ನು ಕೇಳಿದರೆ, ತೀರಾ ಅಗ್ಗದ ಡಿಜಿಟಲ್‌ಗಿಂತ 0.02 ಮಿ.ಮೀ. ಲೀಸ್ಟ್ ಕೌಂಟಿನ (ಓದಬಹುದಾದ ಅತಿ ಚಿಕ್ಕ ಅಳತೆ) ಒಳ್ಳೆಯ ಸಾದಾ ವರ್ನಿಯರ್ ಮೇಲು. ಬ್ಯಾಟರಿ ಕಾಟ ಇಲ್ಲ. ಅಗ್ಗದ ಡಿಜಿಟಲ್‌ಗಳಲ್ಲಿ ಎಷ್ಟೋ ಆಫ್ ಮಾಡಿಟ್ಟರೂ ಬ್ಯಾಟರಿ ತಿನ್ನುತ್ತವೆ. ಕೊಳ್ಳುವಾಗ ದವಡೆ ಮುಚ್ಚಿ ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಮಾತ್ರ ಬೆಳಕು ಕಂಡರೆ ವಾಪಸ್ ಕೊಡಿ. ಅಳತೆ ಸಾಧನಗಳ ಜಪಾನಿ ಕಂಪನಿ ಮಿಟುಟೊಯೊ ಹೆಸರಿನಲ್ಲಿ ನಕಲಿ ಮಾಲು ಓಡಾಡುತ್ತದೆ. ಅರ್ಧ ಬೆಲೆಗೆ ಸಿಕ್ಕಿತು ಅಂದರೆ ಅನುಮಾನ ಪಡಿ. ಅಧಿಕೃತ ಡೀಲರ್ ಹತ್ತಿರ ಬಿಲ್ ಸಮೇತ ತಗೊಳ್ಳಿ.

ಇನ್ನೊಂದು ಮಾತು. ಈಗಷ್ಟೇ ತಿರುಗಿಸಿದ ಬಿಸಿ ಶಾಫ್ಟನ್ನು ಅಳೆಯಬೇಡಿ. 50 ಮಿ.ಮೀ. ಉಕ್ಕು 30 ಡಿಗ್ರಿ ಬಿಸಿಯಾದರೆ ಸುಮಾರು 17 ಮೈಕ್ರಾನ್ ಹಿಗ್ಗುತ್ತದೆ. ಅಲ್ಯೂಮಿನಿಯಂ ಅದರ ಎರಡರಷ್ಟು. ಲೇತಿನಲ್ಲಿ ಸರಿಯಾಗಿದ್ದದ್ದು ಆರಿದ ಮೇಲೆ ಸಡಿಲವಾಗುವುದು ಹೀಗೆ. ಶೆಡ್ಡಿಗೆ ತಗಡಿನ ಮಾಡು ಇದ್ದರೆ ಉಪಕರಣವನ್ನು ಮನೆಯೊಳಗೆ ಇಡಿ. ಇಡುವಾಗ ತೆಳ್ಳಗೆ ಎಣ್ಣೆ ಸವರಿ, ಮೈಕ್ರೋಮೀಟರ್ ಮುಖಗಳ ನಡುವೆ ಸ್ವಲ್ಪ ಸಂದು ಬಿಡಿ.

ಲೇತಿನಲ್ಲಿ ಹಿಡಿದ ತುಂಡು ಓಲಾಡದೆ ತಿರುಗುತ್ತಿದೆಯೇ ಅಂತ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಬೇಕು, ಆದರೆ ಮೂರನೆಯದಾಗಿ. 0.01 ಮಿ.ಮೀ.ನ ಸಾದಾ ಪ್ಲಂಜರ್ (ಒತ್ತಿದರೆ ಒಳಹೋಗುವ ಕಡ್ಡಿಯ) ಗೇಜ್, ಗಟ್ಟಿಯಾಗಿ ಕಚ್ಚುವ ಮ್ಯಾಗ್ನೆಟಿಕ್ ಸ್ಟ್ಯಾಂಡ್ ಇದ್ದರೆ ಸಾಕು. ದುಡ್ಡು ಉಳಿಸಬೇಕು ಅಂದರೆ ಗೇಜಿನಲ್ಲಿ ಉಳಿಸಿ, ಸ್ಟ್ಯಾಂಡಿನಲ್ಲಿ ಬೇಡ. ಸ್ಟ್ಯಾಂಡ್ ಅಲ್ಲಾಡಿದರೆ ಮುಳ್ಳು ಏನು ತೋರಿಸಿದರೂ ಪ್ರಯೋಜನವಿಲ್ಲ.