‘ಮ್ಯಾರೀಡ್ ವಿತ್’ ಎಂದು ಬರೆದರೆ ತಪ್ಪೇ? ಗುಣವಾಚಕದ ನಂತರ ಯಾವ ಪ್ರಿಪೊಸಿಷನ್ ಬರಬೇಕೆಂದು ತಿಳಿಯುವುದು ಹೇಗೆ?

ತಪ್ಪೇ. ಮಂಡ್ಯದ ಹುಡುಗನ ಜೊತೆ ಮದುವೆಯಾದರೂ ಇಂಗ್ಲಿಷಿನಲ್ಲಿ ‘ಮ್ಯಾರೀಡ್ ಟು’ ಎಂದೇ ಬರೆಯಬೇಕು. ನಾಯಿಗೆ ಹೆದರಿದರೆ ‘ಅಫ್ರೇಡ್ ಆಫ್’, ಲೆಕ್ಕದಲ್ಲಿ ಜಾಣರಾದರೆ ‘ಗುಡ್ ಅಟ್’. ಮೈಸೂರು ದಸರೆಗೆ ಹೆಸರುವಾಸಿ, ಅಲ್ಲಿ ‘ಫೇಮಸ್ ಫಾರ್’. ನಮ್ಮ ವಿಭಕ್ತಿಯನ್ನು ನಂಬಿ ಹೊರಟರೆ ದಾರಿ ತಪ್ಪುತ್ತದೆ. ಗುಣವಾಚಕವನ್ನು ಅದರ ಪ್ರಿಪೊಸಿಷನ್ ಸಮೇತ ಬಾಯಿಪಾಠ ಮಾಡುವುದೇ ಸರಿ.

ಒಂದು ಗುಂಪಿಗೆ ಮಾತ್ರ ನಿಯಮವುಂಟು. ಲ್ಯಾಟಿನ್ ಮೂಲದ ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ನಂತರ ‘ದ್ಯಾನ್’ ಬರುವುದಿಲ್ಲ, ‘ಟು’ ಬರುತ್ತದೆ. ಕಚೇರಿ ಪತ್ರಗಳಲ್ಲಿ ‘ಸೀನಿಯರ್ ದ್ಯಾನ್ ಮಿ’ ಕಂಡಾಗಲೆಲ್ಲ ನನಗೆ ಕಣ್ಣುರಿ!

ಪ್ರಿಪೊಸಿಷನ್ ಬಳಿಕ ಕ್ರಿಯಾಪದ ಬಂದರೆ ‘ಇಂಗ್’ ಸೇರಿಸಿ: ‘ಇಂಟರೆಸ್ಟೆಡ್ ಇನ್ ಲರ್ನಿಂಗ್’. ಸಂಶಯವಿದ್ದರೆ ನಿಘಂಟಿನಲ್ಲಿ ಅರ್ಥವಷ್ಟೇ ಅಲ್ಲ, ಉದಾಹರಣೆ ವಾಕ್ಯವನ್ನೂ ಓದಿ.